ದೇಶದ ಹೆಸರೂ ಕ್ರಿಯಾಪದದ ವಚನವೂ: ಅನುವಾದಕನ ಎದುರಿನ ಒಂದು ಸಮಸ್ಯೆ

ಇಂಗ್ಲಿಷ್ ದಿನಪತ್ರಿಕೆಯೊಂದರ ಎರಡು ಪುಟಗಳನ್ನು ಎದುರಿಗಿಟ್ಟುಕೊಂಡು ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಮೊದಲ ಪುಟದಲ್ಲಿ ಭಾರತವು ನೆರೆಯ ದೇಶದೊಡನೆ ಒಪ್ಪಂದ ಮಾಡಿಕೊಂಡ ಸುದ್ದಿ ಇದ್ದರೆ ಅಲ್ಲಿ ‘ಇಂಡಿಯಾ ಹ್ಯಾಸ್’ ಎಂದು ವಾಕ್ಯ ನಡೆಯುತ್ತದೆ. ಕ್ರೀಡಾಪುಟದಲ್ಲಿ ಕ್ರಿಕೆಟ್ ಪಂದ್ಯದ ಸುದ್ದಿ ಇದ್ದರೆ ‘ಇಂಡಿಯಾ ಹ್ಯಾವ್’ ಎಂದಿರುತ್ತದೆ. ಪತ್ರಿಕೆ ಒಂದೇ, ದಿನ ಒಂದೇ, ದೇಶದ ಹೆಸರೂ ಒಂದೇ. ಆದರೆ ಒಂದು ಕಡೆ ಕ್ರಿಯಾಪದ ಏಕವಚನದಲ್ಲಿದೆ, ಇನ್ನೊಂದು ಕಡೆ ಬಹುವಚನದಲ್ಲಿದೆ. ಇದು ಮುದ್ರಣದೋಷವಲ್ಲ, ಬರೆದವರ ಅಜ್ಞಾನವೂ ಅಲ್ಲ.

ಇಂಗ್ಲಿಷಿನ ಈ ಸೂಕ್ಷ್ಮದಿಂದ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಆಗಬೇಕಾದುದೇನು ಎಂಬ ಪ್ರಶ್ನೆ ಏಳಬಹುದು. ಅನುವಾದಕ್ಕೆ ಕೊಟ್ಟ ಇಂಗ್ಲಿಷ್ ಗದ್ಯಖಂಡದಲ್ಲಿ ದೇಶದ ಹೆಸರು ಬಂದಾಗಲೆಲ್ಲ ವಿದ್ಯಾರ್ಥಿಯ ಕೈ ತಡವರಿಸುತ್ತದೆ. ‘ಅಮೆರಿಕ ಸಂಯುಕ್ತ ಸಂಸ್ಥಾನಗಳು ಘೋಷಿಸಿದೆ’ ಎಂದು ಬರೆದರೆ ಕರ್ತೃಪದ ಬಹುವಚನ, ಕ್ರಿಯಾಪದ ಏಕವಚನ. ಗಾಡಿಯ ಎರಡು ಎತ್ತುಗಳು ಎರಡು ದಿಕ್ಕಿಗೆ ಎಳೆದಂತೆ. ‘ಭಾರತ ಪಂದ್ಯವನ್ನು ಗೆದ್ದಿವೆ’ ಎಂದು ಬರೆದವನು ಮೂಲದ ‘ಹ್ಯಾವ್’ಗೆ ನಿಷ್ಠನಾಗಿ ಕನ್ನಡಕ್ಕೆ ದ್ರೋಹ ಬಗೆದಿರುತ್ತಾನೆ. ಮೂಲದ ವಚನವನ್ನು ಹಾಗೆಯೇ ಹೊತ್ತು ತಂದರೆ ತಪ್ಪು. ಅದನ್ನು ಗಮನಿಸದೆ ಬಿಟ್ಟರೂ ಅರ್ಥದ ಒಂದು ಎಳೆ ಕಳೆದುಹೋಗುತ್ತದೆ.

ಕ್ರಿಯಾಪದವು ಕರ್ತೃವಿನ ಲಿಂಗ, ವಚನ, ಪುರುಷಗಳಿಗೆ ಹೊಂದಿ ನಡೆಯುವುದನ್ನು ಇಲ್ಲಿ ಅನ್ವಯವೆಂದು ಕರೆಯೋಣ. ಕನ್ನಡದಲ್ಲಿ ಇದು ಬಿಗಿಯಾದ ಕಟ್ಟು. ಗೆದ್ದನು, ಗೆದ್ದಳು, ಗೆದ್ದರು, ಗೆದ್ದಿತು, ಗೆದ್ದವು ಎಂಬ ಐದು ರೂಪಗಳಲ್ಲಿ ಯಾವುದನ್ನು ಆರಿಸಿದರೂ ಕರ್ತೃ ಯಾರೆಂಬ ಸೂಚನೆ ಅದರಲ್ಲಿ ಅಡಗಿರುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಇಷ್ಟು ಹೊಣೆ ಇಲ್ಲ. ‘ಇಂಡಿಯಾ ವನ್’ ಎಂಬ ಭೂತಕಾಲದ ವಾಕ್ಯದಲ್ಲಿ ಲಿಂಗವೂ ಇಲ್ಲ, ವಚನವೂ ಇಲ್ಲ. ‘ಈಸ್’ ಮತ್ತು ‘ಆರ್’, ‘ಹ್ಯಾಸ್’ ಮತ್ತು ‘ಹ್ಯಾವ್’, ‘ವಾಸ್’ ಮತ್ತು ‘ವರ್’ ಮೊದಲಾದ ಕೆಲವೇ ಜಾಗಗಳಲ್ಲಿ ವಚನ ಹೊರಗೆ ಇಣುಕುತ್ತದೆ. ಹಾಗೆ ಇಣುಕಿದಾಗ ಅದನ್ನು ಹಿಡಿಯಬೇಕು. ಬರೆದವನು ದೇಶವನ್ನು ಒಂದು ಘಟಕವಾಗಿ ಕಂಡನೋ, ಹಲವು ಜನರ ಗುಂಪಾಗಿ ಕಂಡನೋ ಎಂಬುದು ಅಲ್ಲಿ ತಿಳಿಯುತ್ತದೆ.

ಕ್ರೀಡಾಪುಟದ ‘ಇಂಡಿಯಾ ಹ್ಯಾವ್’ ಎಂಬುದರಲ್ಲಿ ಇಂಡಿಯಾ ಎಂದರೆ ಹನ್ನೊಂದು ಮಂದಿ ಆಟಗಾರರು. ಇದು ಬ್ರಿಟಿಷ್ ಇಂಗ್ಲಿಷಿನ ರೂಢಿ. ತಂಡ, ಸಮಿತಿ, ಸರಕಾರ ಮುಂತಾದ ಸಮೂಹವಾಚಕಗಳೊಡನೆ ಅಲ್ಲಿ ಬಹುವಚನ ಸಹಜ. ಭಾರತದ ಇಂಗ್ಲಿಷ್ ಪತ್ರಿಕೆಗಳು ಕ್ರೀಡಾವರದಿಗಳಲ್ಲಿ ಹೆಚ್ಚಾಗಿ ಅದನ್ನೇ ಪಾಲಿಸುತ್ತವೆ. ಅಮೆರಿಕದ ಇಂಗ್ಲಿಷಿನಲ್ಲಿ ತಂಡಕ್ಕೂ ಏಕವಚನವೇ. ಅಲ್ಲಿಯ ಪತ್ರಿಕೆ ಅದೇ ಪಂದ್ಯವನ್ನು ವರದಿ ಮಾಡಿದರೆ ‘ಇಂಡಿಯಾ ಹ್ಯಾಸ್’ ಎಂದೇ ಬರೆಯುತ್ತದೆ. ಎರಡರಲ್ಲಿ ಒಂದು ಶುದ್ಧ, ಇನ್ನೊಂದು ಅಶುದ್ಧ ಎಂದು ತೀರ್ಪು ಕೊಡುವುದು ವ್ಯಾಕರಣದ ಕೆಲಸವಲ್ಲ.

ರೂಪದಲ್ಲಿ ಏಕವಚನ, ಕ್ರಿಯೆಯಲ್ಲಿ ಬಹುವಚನ ಎಂಬುದು ಕನ್ನಡಕ್ಕೆ ತೀರ ಅಪರಿಚಿತವೂ ಅಲ್ಲ. ‘ಜನ ಬಂದರು’, ‘ಮಂದಿ ಸೇರಿದರು’ ಎನ್ನುವಾಗ ಜನ, ಮಂದಿ ಎಂಬ ಪದಗಳಿಗೆ ‘ಗಳು’ ಇಲ್ಲ, ‘ಅರು’ ಇಲ್ಲ. ಆದರೂ ಕ್ರಿಯಾಪದ ಬಹುವಚನ. ಆದರೆ ಈ ಸೌಲಭ್ಯವನ್ನು ಕನ್ನಡವು ಸ್ಥಳನಾಮಗಳಿಗೆ ಕೊಡಲಿಲ್ಲ. ‘ಊರಿಗೆ ಊರೇ ಎದ್ದು ನಿಂತಿತು’ ಎಂಬ ಮಾತಿನಲ್ಲಿ ಎದ್ದು ನಿಂತವರು ಮನುಷ್ಯರೇ, ಮನೆಗಳಲ್ಲ, ಬಾವಿಗಳಲ್ಲ. ಆದರೂ ‘ಊರು ಎದ್ದು ನಿಂತರು’ ಎಂದು ಯಾರೂ ಹೇಳುವುದಿಲ್ಲ. ಊರು, ನಾಡು, ದೇಶ ಎಂಬವು ನಪುಂಸಕ ಏಕವಚನದ ಪದಗಳು. ಅವುಗಳ ಒಳಗೆ ಎಷ್ಟು ಜನರಿದ್ದರೂ ಕ್ರಿಯಾಪದ ಮಣಿಯುವುದಿಲ್ಲ.

ಹಾಗಾದರೆ ಕನ್ನಡಿಗನಿಗೆ ಜನರನ್ನೇ ಹೇಳಬೇಕೆನಿಸಿದಾಗ ಏನು ಮಾಡುತ್ತಾನೆ? ಹೆಸರನ್ನು ಬದಲಿಸುತ್ತಾನೆ. ಸೊಲ್ಲಾಪುರದ ಚಹಾ ಅಂಗಡಿಯ ಮುಂದೆ ಪಂದ್ಯದ ಮಾತು ನಡೆದಾಗ ‘ಇಂಡಿಯಾ ಗೆದ್ದೈತಿ’ ಎಂಬ ಮಾತೂ ಕೇಳುತ್ತದೆ, ‘ಇಂಡಿಯಾದವ್ರು ಗೆದ್ದ್ರು’ ಎಂಬ ಮಾತೂ ಕೇಳುತ್ತದೆ. ಮೊದಲನೆಯದರಲ್ಲಿ ದೇಶ, ಎರಡನೆಯದರಲ್ಲಿ ಆಟಗಾರರು. ಇಂಗ್ಲಿಷ್ ಹೆಸರನ್ನು ಮುಟ್ಟದೆ ಕ್ರಿಯಾಪದವನ್ನು ತಿರುಗಿಸಿದರೆ, ಕನ್ನಡ ಕ್ರಿಯಾಪದದ ಕಟ್ಟನ್ನು ಉಳಿಸಿಕೊಂಡು ಹೆಸರನ್ನು ತಿರುಗಿಸುತ್ತದೆ: ಭಾರತ, ಭಾರತ ತಂಡ, ಭಾರತದವರು, ಭಾರತೀಯರು. ಅನುವಾದಕನು ಇಂಗ್ಲಿಷ್ ಕ್ರಿಯಾಪದದಲ್ಲಿ ಓದಿದ್ದನ್ನು ಕನ್ನಡದ ನಾಮಪದದಲ್ಲಿ ಬರೆಯಬೇಕು. ಇದೊಂದನ್ನು ಹಿಡಿದರೆ ಮುಂದಿನ ಉದಾಹರಣೆಗಳೆಲ್ಲ ಸುಲಭವಾಗುತ್ತವೆ.

ಅವುಗಳಲ್ಲಿ ಬಹಳ ಗಂಭೀರವಾದದ್ದು ಅಮೆರಿಕದ್ದು. ‘ಯುನೈಟೆಡ್ ಸ್ಟೇಟ್ಸ್’ ಎಂಬ ಹೆಸರಿನ ಅರ್ಥವೇ ಒಂದುಗೂಡಿದ ರಾಜ್ಯಗಳು ಎಂದು. 1776ರಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿದವು ಹದಿಮೂರು ವಸಾಹತುಗಳು. 1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ನಿನ ದೊರೆ ಆ ಹದಿಮೂರರ ಹೆಸರನ್ನೂ ಒಂದೊಂದಾಗಿ ಎಣಿಸಿ, ಅವು ಸ್ವತಂತ್ರ ಸಾರ್ವಭೌಮ ರಾಜ್ಯಗಳೆಂದು ಬಹುವಚನದಲ್ಲಿಯೇ ಒಪ್ಪಿಕೊಂಡನು. 1787ರಲ್ಲಿ ರಚಿತವಾದ ಸಂವಿಧಾನದ ಮೂರನೆಯ ವಿಧಿ ರಾಜದ್ರೋಹದ ಲಕ್ಷಣವನ್ನು ಹೇಳುವಾಗ ಯುನೈಟೆಡ್ ಸ್ಟೇಟ್ಸನ್ನು ‘ಅದು’ ಎನ್ನದೆ ‘ಅವು’ ಎಂದು ಸೂಚಿಸುತ್ತದೆ. ಅವುಗಳ ಮೇಲೆ ಯುದ್ಧ ಹೂಡುವುದು, ಅವುಗಳ ಶತ್ರುಗಳೊಡನೆ ಸೇರುವುದು ದ್ರೋಹ ಎಂಬುದು ಅದರ ಭಾವ. ಆ ಕಾಲದ ಬರಹಗಾರನಿಗೆ ‘ಯುನೈಟೆಡ್ ಸ್ಟೇಟ್ಸ್ ಆರ್’ ಎಂದು ಬರೆಯುವುದು ಸಹಜವಾಗಿತ್ತು.

ಇಂದು ಅದೇ ದೇಶದ ಶಾಲೆಯ ಮಗು ‘ಯುನೈಟೆಡ್ ಸ್ಟೇಟ್ಸ್ ಈಸ್’ ಎನ್ನುತ್ತದೆ. ಈ ಬದಲಾವಣೆ ಎಂದಾಯಿತು ಎಂಬುದಕ್ಕೆ ಒಂದು ಜನಪ್ರಿಯ ಉತ್ತರವಿದೆ: 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧವೇ ‘ಆರ್’ ಎಂಬುದನ್ನು ‘ಈಸ್’ ಆಗಿಸಿತು. ದಕ್ಷಿಣದ ಹನ್ನೊಂದು ರಾಜ್ಯಗಳು ಒಕ್ಕೂಟದಿಂದ ಹೊರನಡೆಯಲು ಯತ್ನಿಸಿ ಸೋತವು. ರಾಜ್ಯಗಳ ಕೂಟವಾಗಿದ್ದದ್ದು ಬಿಡಿಸಲಾಗದ ಒಂದು ರಾಷ್ಟ್ರವಾಯಿತು. ವ್ಯಾಕರಣ ಅದನ್ನು ಒಪ್ಪಿಕೊಂಡಿತು. ಮಾತು ಸೊಗಸಾಗಿದೆ. ಸೊಗಸಾಗಿರುವುದರಿಂದಲೇ ಅದನ್ನು ಸ್ವಲ್ಪ ಅನುಮಾನದಿಂದ ನೋಡಬೇಕು.

ಯುದ್ಧ ಮುಗಿದ ವರ್ಷವೇ, 1865ರ ಡಿಸೆಂಬರಿನಲ್ಲಿ ಅಂಗೀಕಾರಗೊಂಡ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದುಗೊಳಿಸಿತು. ಆ ತಿದ್ದುಪಡಿಯ ಪಾಠದಲ್ಲಿಯೂ ಯುನೈಟೆಡ್ ಸ್ಟೇಟ್ಸಿಗೆ ಬಂದಿರುವ ಸರ್ವನಾಮ ‘ಅವುಗಳ’ ಎಂಬುದೇ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬಹುವಚನ ಕಾಣಸಿಗುತ್ತದೆ. ಅತ್ತ ಯುದ್ಧಕ್ಕೆ ಮುಂಚೆಯೂ ಏಕವಚನವನ್ನು ಬಳಸಿದವರಿದ್ದರು. ಹಿಂದೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜಾನ್ ಫಾಸ್ಟರ್ 1901ರಲ್ಲಿ ಈ ಪ್ರಶ್ನೆಯ ಮೇಲೆಯೇ ಪತ್ರಿಕೆಗೆ ಲೇಖನ ಬರೆದರು. ಮರುವರ್ಷ ಅಮೆರಿಕದ ಪ್ರತಿನಿಧಿ ಸಭೆಯ ಕಾನೂನು ಪರಿಷ್ಕರಣ ಸಮಿತಿಯು ದೇಶದ ಹೆಸರನ್ನು ಏಕವಚನವಾಗಿ ಬಳಸಬೇಕೆಂದು ನಿರ್ಧರಿಸಿತು. ಯುದ್ಧ ಮುಗಿದು ಮೂವತ್ತಾರು ವರ್ಷಗಳಾದ ಮೇಲೆಯೂ ಚರ್ಚೆ ನಡೆದಿತ್ತೆಂದರೆ, ತೋಪಿನ ಸದ್ದಿಗೆ ವ್ಯಾಕರಣ ಒಮ್ಮೆಗೇ ಬೆಚ್ಚಿ ಬದಲಾಗಲಿಲ್ಲವೆಂದು ಸ್ಪಷ್ಟ. ಒಂದು ತಲೆಮಾರಿನ ಕಿವಿಗೆ ‘ಆರ್’ ಸಹಜ, ಮುಂದಿನ ತಲೆಮಾರಿನ ಕಿವಿಗೆ ‘ಈಸ್’ ಸಹಜ. ನಡುವೆ ಎರಡೂ ಕೂಡಿ ಬಾಳಿದವು. ಭಾಷೆಯ ಬದಲಾವಣೆಗಳು ಸಾಮಾನ್ಯವಾಗಿ ಹೀಗೆಯೇ ಆಗುತ್ತವೆ. ಆದರೆ ಬದಲಾವಣೆಯ ದಿಕ್ಕನ್ನು ಮಾತ್ರ ರಾಜಕೀಯ ಇತಿಹಾಸ ನಿಶ್ಚಯಿಸಿತೆಂಬುದರಲ್ಲಿ ಸಂದೇಹವಿಲ್ಲ.

ಆದ್ದರಿಂದ 1783ರ ಒಪ್ಪಂದವನ್ನು ಕನ್ನಡಿಸುವವನು ‘ಸಂಯುಕ್ತ ರಾಜ್ಯಗಳು... ಸ್ವತಂತ್ರ ರಾಜ್ಯಗಳಾಗಿವೆ’ ಎಂದು ಬರೆಯಬೇಕು. ನಿನ್ನೆಯ ಸುದ್ದಿಯನ್ನು ಕನ್ನಡಿಸುವವನು ‘ಅಮೆರಿಕ ಘೋಷಿಸಿದೆ’ ಎಂದೋ ‘ಅಮೆರಿಕ ಸಂಯುಕ್ತ ಸಂಸ್ಥಾನ ಘೋಷಿಸಿದೆ’ ಎಂದೋ ಬರೆಯಬೇಕು. ಮೂಲದಲ್ಲಿ ಹೆಸರು ಒಂದೇ ಇದ್ದರೂ ಕನ್ನಡದಲ್ಲಿ ಎರಡು ಹೆಸರುಗಳು ಬೇಕಾಗುತ್ತವೆ. ಎರಡು ಕಡೆಯೂ ‘ಅಮೆರಿಕ’ ಎಂದೇ ಬರೆದರೆ ಮೊದಲನೆಯದರಲ್ಲಿ ಇತಿಹಾಸ ತಪ್ಪಿದಂತೆ. ಆಗ ಒಂದು ಅಮೆರಿಕ ಇನ್ನೂ ಇರಲಿಲ್ಲ, ಹದಿಮೂರು ಇದ್ದವು.

ಜನರ ಹೆಸರು ದೇಶಕ್ಕೆ ಅಂಟಿ, ಜನರ ವಚನವೂ ಅದರೊಡನೆ ಬರುವುದು ಭಾರತದ ವ್ಯಾಕರಣ ಪರಂಪರೆಗೆ ಹೊಸ ಸಂಗತಿಯಲ್ಲ. ಸಂಸ್ಕೃತದಲ್ಲಿ ಪ್ರಾಚೀನ ಜನಪದಗಳ ಹೆಸರುಗಳು ಬಹುಮಟ್ಟಿಗೆ ಬಹುವಚನದಲ್ಲಿಯೇ ಇರುತ್ತವೆ: ಪಂಚಾಲಾಃ, ಕುರವಃ, ಅಂಗಾಃ, ವಂಗಾಃ. ಪಂಚಾಲರೆಂಬ ಕ್ಷತ್ರಿಯರು ನೆಲೆಸಿದ ನಾಡಿಗೂ ಪಂಚಾಲಾಃ ಎಂದೇ ಹೆಸರು. ನಾಡು ಒಂದೇ, ಹೆಸರು ಮಾತ್ರ ಬಹುವಚನ. ವಿದರ್ಭ ದೇಶದಲ್ಲಿ ಎನ್ನಲು ‘ವಿದರ್ಭೇಷು’ ಎಂದು ಬಹುವಚನದ ಸಪ್ತಮಿ ಬರುತ್ತದೆ. ಇಂದಿನ ಮರಾಠಿಯಲ್ಲಿ ‘ವಿದರ್ಭಾತ್’, ಕನ್ನಡದಲ್ಲಿ ‘ವಿದರ್ಭದಲ್ಲಿ’. ಎರಡರಲ್ಲಿಯೂ ಅದು ಏಕವಚನ. ಅಮೆರಿಕದ ಹೆಸರು ನಡೆದ ದಾರಿಯನ್ನೇ ವಿದರ್ಭವೂ ನಡೆದಿದೆ, ಬಹಳ ಹಿಂದೆ.

ಪಾಣಿನಿಯ ಅಷ್ಟಾಧ್ಯಾಯಿಯು ಈ ವಿಷಯವನ್ನು ಮೊದಲ ಅಧ್ಯಾಯದ ಎರಡನೆಯ ಪಾದದಲ್ಲಿ ಎತ್ತಿಕೊಳ್ಳುತ್ತದೆ. ಜನರ ಹೆಸರಿನಿಂದ ಹುಟ್ಟಿ ಪ್ರತ್ಯಯ ಲೋಪಗೊಂಡ ಜನಪದನಾಮಕ್ಕೆ ಆ ಮೂಲಪದದ ಲಿಂಗವೂ ವಚನವೂ ಸಲ್ಲುತ್ತವೆ ಎಂಬುದು ಅಲ್ಲಿಯ ವಿಧಿ. ಕೌತುಕವೆಂದರೆ, ಅದೇ ಪಾದದಲ್ಲಿ ಒಂದು ಸೂತ್ರ ದಾಟಿದ ಮೇಲೆ ಇಂಥದ್ದನ್ನು ವಿಧಿಸಿ ಕಲಿಸಬೇಕಾದ ಅಗತ್ಯವೇ ಇಲ್ಲ, ಏಕೆಂದರೆ ಹೆಸರಿನ ವಿಷಯದಲ್ಲಿ ಲೋಕರೂಢಿಯೇ ಪ್ರಮಾಣ ಎಂಬ ಅರ್ಥದ ಸೂತ್ರವೂ ಇದೆ. ನಿಯಮವನ್ನು ಹೇಳಿ, ಬಳಿಕ ನಿಯಮಕ್ಕಿಂತ ಬಳಕೆ ದೊಡ್ಡದೆನ್ನುವ ಈ ನಡೆ ಇಂಗ್ಲಿಷಿನ ದೇಶನಾಮಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಏಕೆಂದರೆ ಇಂಗ್ಲಿಷಿನಲ್ಲಿ ಹೆಸರಿನ ಕೊನೆಯ ‘ಸ್’ ನೋಡಿ ವಚನವನ್ನು ನಿರ್ಣಯಿಸಲು ಬರುವುದಿಲ್ಲ. ನೆದರ್ಲೆಂಡ್ಸ್ ಎಂದರೆ ತಗ್ಗಿನ ನೆಲಗಳು. ಫಿಲಿಪ್ಪೀನ್ಸ್ ಎಂದರೆ ಸ್ಪೇನಿನ ದೊರೆ ಎರಡನೆಯ ಫಿಲಿಪನ ಹೆಸರು ಹೊತ್ತ ದ್ವೀಪಗಳು. ಮಾಲ್ಡೀವ್ಸ್ ಸುಮಾರು 1200 ದ್ವೀಪಗಳ ಸರಮಾಲೆ. ಮೂರೂ ರೂಪದಲ್ಲಿ ಬಹುವಚನ. ಆದರೂ ದೇಶವೆಂಬ ಅರ್ಥದಲ್ಲಿ ಇಂದಿನ ಇಂಗ್ಲಿಷ್ ಮೂರಕ್ಕೂ ‘ಈಸ್’ ಎನ್ನುತ್ತದೆ. ಸೈಪ್ರಸ್, ಮಾರಿಷಸ್ ಹೆಸರುಗಳ ‘ಸ್’ ಬಹುವಚನದ್ದೇ ಅಲ್ಲ. ಪಕ್ಕದ ಐರೋಪ್ಯ ಭಾಷೆಗಳು ಬೇರೆ ದಾರಿ ಹಿಡಿದಿವೆ. ಫ್ರೆಂಚರು ಅಮೆರಿಕವನ್ನೂ ನೆದರ್ಲೆಂಡ್ಸನ್ನೂ ಇಂದಿಗೂ ಬಹುವಚನದಲ್ಲಿಯೇ ನಡೆಸುತ್ತಾರೆ, ಜರ್ಮನರೂ ಹಾಗೆಯೇ. ಡಚ್ಚರು ಮಾತ್ರ ತಮ್ಮ ದೇಶವನ್ನು ದಿನಬಳಕೆಯಲ್ಲಿ ‘ನೇದರ್ಲಾಂಡ್’ ಎಂದು ಏಕವಚನದಲ್ಲಿ ಕರೆದುಕೊಳ್ಳುತ್ತಾರೆ. ನೆರೆಯವರಿಗೆ ಹಲವಾಗಿ ಕಂಡದ್ದು ಮನೆಯವರಿಗೆ ಒಂದು.

ಈ ಹೆಸರುಗಳು ಕನ್ನಡಕ್ಕೆ ಬಂದಾಗ ಕೊನೆಯ ‘ಸ್’ ಬಹುವಚನದ ಪ್ರತ್ಯಯವಾಗಿ ಉಳಿಯುವುದಿಲ್ಲ. ಅದು ಹೆಸರಿನ ಒಂದು ಅಕ್ಷರ ಮಾತ್ರ. ‘ಪೇರೆಂಟ್ಸ್‌ಗಳು’ ಎಂದು ಮಾತಿನಲ್ಲಿ ಬಹುವಚನದ ಮೇಲೆ ಬಹುವಚನ ಹೇರುವುದೂ ಈ ಕಾರಣಕ್ಕೇ. ‘ಫಿಲಿಪ್ಪೀನ್ಸ್ 1946ರಲ್ಲಿ ಸ್ವತಂತ್ರವಾಯಿತು’ ಎಂಬುದು ಸರಿ. ಭೂಗೋಳದ ಪಾಠದಲ್ಲಿ ದ್ವೀಪಗಳನ್ನೇ ಹೇಳಬೇಕಾದರೆ ‘ಫಿಲಿಪ್ಪೀನ್ಸ್ ದ್ವೀಪಗಳು ಪೆಸಿಫಿಕ್ ಸಾಗರದ ಪಶ್ಚಿಮ ಭಾಗದಲ್ಲಿ ಹರಡಿವೆ’ ಎನ್ನಬೇಕು. ಇಲ್ಲಿಯೂ ಬದಲಾದದ್ದು ಹೆಸರೇ. ಕ್ರಿಯಾಪದ ಅದರ ಹಿಂದೆ ಹೋಯಿತು.

ಹಲವನ್ನು ಎಣಿಸಿ ಒಂದಾಗಿಸುವ ಪದ್ಧತಿಗೆ ಕನ್ನಡದಲ್ಲಿ ವ್ಯಾಕರಣದ ಹೆಸರೇ ಇದೆ: ದ್ವಿಗು ಸಮಾಸ. ರಾತ್ರಿಗಳು ಒಂಬತ್ತಾದರೂ ‘ನವರಾತ್ರಿ ಬಂತು’ ಎನ್ನುತ್ತಾರೆ, ‘ಬಂದವು’ ಎನ್ನುವುದಿಲ್ಲ. ಲಕ್ಷದ್ವೀಪವೂ ಹೀಗೆಯೇ. ಲಕ್ಷ ಎಂದರೂ ಅಲ್ಲಿರುವವು ಮೂವತ್ತಾರು ದ್ವೀಪಗಳೆಂದು ಲೆಕ್ಕ; ಹೆಸರು ಏಕವಚನ. ಇಂಗ್ಲಿಷಿನಲ್ಲಿ ಆ ಪ್ರದೇಶಕ್ಕೆ ಹಿಂದೆ ಇದ್ದದ್ದು ಲಕಾಡಿವ್, ಮಿನಿಕಾಯ್ ಮತ್ತು ಅಮೀನ್‌ದಿವಿ ದ್ವೀಪಗಳು ಎಂಬ ಉದ್ದನೆಯ ಬಹುವಚನದ ಹೆಸರು. 1973ರಲ್ಲಿ ಅದು ಲಕ್ಷದ್ವೀಪವೆಂಬ ಏಕವಚನವಾಯಿತು. ಅಮೀನ್‌ದಿವಿ ದ್ವೀಪಗಳು 1956ರವರೆಗೆ ಕಾಸರಗೋಡಿನಂತೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವೆಂಬುದನ್ನು ಗಡಿನಾಡಿನ ವಿದ್ಯಾರ್ಥಿಗಳು ಪ್ರಾಸಂಗಿಕವಾಗಿ ನೆನಪಿಡಬಹುದು.

ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಭಾಗದ ವಿದ್ಯಾರ್ಥಿಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಅವರ ಕಿವಿಯಲ್ಲಿ ಇಂಗ್ಲಿಷಿಗಿಂತ ಮೊದಲು ಮರಾಠಿ ಕೂತಿರುತ್ತದೆ. ಮರಾಠಿಯಲ್ಲಿ ದೇಶನಾಮಗಳಿಗೆ ಲಿಂಗವಿದೆ. ‘ಭಾರತ ಜಿಂಕಲಾ’ ಎನ್ನುವಾಗ ಭಾರತ ಪುಲ್ಲಿಂಗ, ‘ಶ್ರೀಲಂಕಾ ಹರಲೀ’ ಎನ್ನುವಾಗ ಶ್ರೀಲಂಕಾ ಸ್ತ್ರೀಲಿಂಗ. ಅಷ್ಟೇ ಅಲ್ಲ, ಸಕರ್ಮಕ ಕ್ರಿಯೆಯ ಭೂತಕಾಲದಲ್ಲಿ ಮರಾಠಿಯ ಕ್ರಿಯಾಪದ ಕರ್ತೃವನ್ನು ಬಿಟ್ಟು ಕರ್ಮವನ್ನು ಹಿಂಬಾಲಿಸುತ್ತದೆ. ‘ಭಾರತಾನೇ ಸಾಮನಾ ಜಿಂಕಲಾ’, ‘ಭಾರತಾನೇ ಮಾಲಿಕಾ ಜಿಂಕಲೀ’: ಪಂದ್ಯ ಪುಲ್ಲಿಂಗವಾದ್ದರಿಂದ ‘ಜಿಂಕಲಾ’, ಸರಣಿ ಸ್ತ್ರೀಲಿಂಗವಾದ್ದರಿಂದ ‘ಜಿಂಕಲೀ’. ಗೆದ್ದ ದೇಶಕ್ಕೆ ಕ್ರಿಯಾಪದದ ಮೇಲೆ ಅಧಿಕಾರವೇ ಇಲ್ಲ. ಈ ಅಭ್ಯಾಸ ಕನ್ನಡಕ್ಕೆ ಹರಿದಾಗ ‘ಭಾರತದಿಂದ ಸರಣಿ ಗೆಲ್ಲಲ್ಪಟ್ಟಿತು’ ಎಂಬಂಥ ಬಿಗಿದ ವಾಕ್ಯ ಹುಟ್ಟುತ್ತದೆ. ‘ಭಾರತ ಸರಣಿಯನ್ನು ಗೆದ್ದಿತು’ ಎಂದರೆ ಸಾಕು. ಮರಾಠಿ ಶಾಲೆಯ ದಿನದಿನದ ಪ್ರತಿಜ್ಞೆಯಲ್ಲಿ ದೇಶಕ್ಕೆ ‘ಮಾಝಾ’ ಎಂಬ ಪುಲ್ಲಿಂಗದ ವಿಶೇಷಣ. ರಾಷ್ಟ್ರ ಎಂಬ ಪದಕ್ಕಾದರೆ ‘ಮಾಝೇ’ ಎಂಬ ನಪುಂಸಕ. ಮಹಾರಾಷ್ಟ್ರ ಎಂದೊಡನೆ ಮತ್ತೆ ‘ಮಾಝಾ’. ಕನ್ನಡಕ್ಕೆ ಮೂರಕ್ಕೂ ‘ನನ್ನ’ ಒಂದೇ ಸಾಕಾಗುತ್ತದೆ.

ಕನ್ನಡದಲ್ಲಿಯೂ ದೇಶಕ್ಕೆ ಲಿಂಗ ಬರುವ ಸಂದರ್ಭ ಒಂದುಂಟು. ದೇಶವನ್ನು ತಾಯಿಯಾಗಿ ಕಂಡಾಗ. ಕುವೆಂಪು ಅವರ ನಾಡಗೀತೆಯು ಕರ್ನಾಟಕವನ್ನು ಭಾರತಮಾತೆಯ ಮಗಳಾಗಿ, ತಾಯಿಯಾಗಿ ಕರೆಯುತ್ತದೆ. ಆದರೆ ಅಲ್ಲಿಯೂ ಲಿಂಗವನ್ನು ತರುವುದು ಮಾತೆ, ಅಂಬೆ, ಜನನಿ ಮೊದಲಾದ ಪದಗಳೇ. ‘ಭಾರತಮಾತೆ ಹರಸಿದಳು’ ಎನ್ನಬಹುದು; ‘ಭಾರತ ಹರಸಿದಳು’ ಎನ್ನಲಾಗದು. ಇಂಗ್ಲಿಷಿನ ಹಳೆಯ ಗದ್ಯದಲ್ಲಿ ಹಾಗಲ್ಲ. ಬರಿಯ ದೇಶನಾಮಕ್ಕೆ ‘ಶೀ’, ‘ಹರ್’ ಎಂಬ ಸರ್ವನಾಮಗಳು ಬರುತ್ತಿದ್ದವು. 1947ರ ಆಗಸ್ಟ್ 14ರ ನಡುರಾತ್ರಿ ಸಂವಿಧಾನ ಸಭೆಯಲ್ಲಿ ನೆಹರೂ ಮಾಡಿದ ಭಾಷಣದಲ್ಲಿ ಇಂಡಿಯಾ ‘ಹರ್’ ಎಂಬ ಸರ್ವನಾಮವನ್ನೇ ಪಡೆಯುತ್ತದೆ. ಅದನ್ನು ಕನ್ನಡಿಸುವವನು ‘ಅವಳ’ ಎಂದರೆ ಕನ್ನಡದ ಕಿವಿಗೆ ಎಡವುತ್ತದೆ. ‘ಅದರ’ ಎಂದರೆ ಮೂಲದ ಆರ್ದ್ರತೆ ಒಣಗುತ್ತದೆ. ಕರ್ತೃವಿಗೇ ತಿರುಗುವ ಕಡೆಗಳಲ್ಲಿ ‘ತನ್ನ’ ಎಂಬ ಆತ್ಮಾರ್ಥಕ ಸರ್ವನಾಮ ನೆರವಿಗೆ ಬರುತ್ತದೆ. ಅದಕ್ಕೆ ಲಿಂಗವಿಲ್ಲ, ಆದರೆ ಆಪ್ತತೆ ಇದೆ. ಇಷ್ಟಾದರೂ ವಾಕ್ಯದ ಕೊನೆಗೆ ಕ್ರಿಯಾಪದ ಕಾದು ಕುಳಿತಿರುತ್ತದೆ. ಅಲ್ಲಿ ‘ಇತು’ ಎಂದೇ ಮುಗಿಸುವುದು ಲೇಸು. ತಾಯ್ತನ ಅನಿವಾರ್ಯವೆನಿಸಿದರೆ ಆರಂಭದಲ್ಲಿಯೇ ಹೆಸರನ್ನು ‘ಭಾರತಮಾತೆ’ ಎಂದು ತಿರುಗಿಸಿಕೊಳ್ಳಬೇಕು. ಅರ್ಧ ದಾರಿಯಲ್ಲಿ ಲಿಂಗ ಬದಲಿಸಬಾರದು.

ಕೊನೆಗೆ ‘ಮತ್ತು’ ಎಂಬ ಸಮುಚ್ಚಯಾವ್ಯಯದ ತೊಡಕು. ‘ಭಾರತ ಮತ್ತು ಪಾಕಿಸ್ತಾನ 1947ರಲ್ಲಿ ಸ್ವತಂತ್ರವಾದವು’ ಎಂಬಲ್ಲಿ ಎರಡು ದೇಶಗಳಿವೆ, ಆದ್ದರಿಂದ ಬಹುವಚನ. ‘ಟ್ರಿನಿಡಾಡ್ ಮತ್ತು ಟೊಬೇಗೊ 1962ರಲ್ಲಿ ಸ್ವತಂತ್ರವಾಯಿತು’ ಎಂಬಲ್ಲಿ ‘ಮತ್ತು’ ಇದ್ದರೂ ದೇಶ ಒಂದೇ, ಆದ್ದರಿಂದ ಏಕವಚನ. ಇಂಗ್ಲಿಷೂ ಇಲ್ಲಿ ಕನ್ನಡದ ಜೊತೆಗಿದೆ. ಸಂದೇಹ ಬಂದರೆ ಅಟ್ಲಾಸನ್ನು ತೆರೆದು, ಅಲ್ಲಿರುವುದು ಒಂದು ದೇಶವೋ ಎರಡೋ ಎಂದು ನೋಡಿಕೊಳ್ಳಬೇಕು. ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಪೋರ್ತುಗೀಸರು ಬಿಟ್ಟುಹೋದ ನೆಲಗಳದ್ದೇ ಒಂದು ಉದಾಹರಣೆ ಇದೆ. 2020ರ ಜನವರಿ 26ಕ್ಕೆ ಮುಂಚೆ ದಾದ್ರಾ ಮತ್ತು ನಗರ್ ಹವೇಲಿ ಒಂದು ಕೇಂದ್ರಾಡಳಿತ ಪ್ರದೇಶ, ದಮನ್ ಮತ್ತು ದಿಯು ಇನ್ನೊಂದು. ಎರಡನ್ನೂ ಸೇರಿಸಿ ಹೇಳುವಾಗ ‘ಕೇಂದ್ರಾಡಳಿತ ಪ್ರದೇಶಗಳಾಗಿದ್ದವು’ ಎನ್ನಬೇಕು. ಅಂದಿನಿಂದ ಈಚೆಗೆ ‘ದಾದ್ರಾ ಮತ್ತು ನಗರ್ ಹವೇಲಿ ಮತ್ತು ದಮನ್ ಮತ್ತು ದಿಯು’ ಎಂಬುದು ಒಂದೇ ಪ್ರದೇಶದ ಹೆಸರು. ಮೂರು ‘ಮತ್ತು’ಗಳನ್ನು ದಾಟಿ ಬಂದರೂ ಕೊನೆಯ ಕ್ರಿಯಾಪದ ‘ಆಗಿದೆ’.